ಥಾಮಸ್ ಪಾರ್ನೆಲ್

ಥಾಮಸ್ ಪಾರ್ನೆಲ್ (ಜುಲೈ 5, 1881 – ಸೆಪ್ಟೆಂಬರ್ 1, 1948) ಇಂಗ್ಲೆಂಡಿನಲ್ಲಿ ಜನಿಸಿ ಆಸ್ಟ್ರೇಲಿಯದಲ್ಲಿ ನೆಲೆಸಿದ ಭೌತವಿಜ್ಞಾನಿ ಹಾಗೂ ಅಧ್ಯಾಪಕರು. ಬ್ರಿಸ್ಬೇನ್ ನಗರದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಮೊದಲ ಭೌತಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಇವರು 1927ರಲ್ಲಿ ಆರಂಭಿಸಿದ ಪಿಚ್ ಹನಿ ಪ್ರಯೋಗದಿಂದ ಜಗತ್ತಿಗೆ ಪರಿಚಿತರಾಗಿದ್ದಾರೆ. ಡಾಂಬರಿನ ಜಾತಿಗೆ ಸೇರಿದ ಪಿಚ್ ಎಂಬ ವಸ್ತು ಕೊಠಡಿಯ ಉಷ್ಣತೆಯಲ್ಲಿ ಸುತ್ತಿಗೆಯಿಂದ ಹೊಡೆದರೆ ಗಾಜಿನಂತೆ ಒಡೆಯುತ್ತದೆ. ಆದರೆ ಅದೇ ವಸ್ತು ವರ್ಷಗಳ ಅವಧಿಯಲ್ಲಿ ದ್ರವದಂತೆ ಹರಿಯುತ್ತದೆ. ಈ ಸಂಗತಿಯನ್ನು ವಿದ್ಯಾರ್ಥಿಗಳಿಗೆ ತೋರಿಸಲು ಅವರು ಹೂಡಿದ ಪ್ರಯೋಗವು ಅವರ ಮರಣಾನಂತರವೂ ಮುಂದುವರಿದು, ಜಗತ್ತಿನಲ್ಲಿ ಅತಿ ದೀರ್ಘಕಾಲ ನಡೆಯುತ್ತಿರುವ ಪ್ರಯೋಗಾಲಯದ ಪ್ರಯೋಗವೆಂದು ಗಿನ್ನೆಸ್ ದಾಖಲೆಗೆ ಸೇರಿದೆ. ರಸ್ತೆ ನಿರ್ಮಾಣದಲ್ಲಿ ಬಳಸುವ ಬಿಟುಮೆನ್ ಬಂಧಕಗಳು ಉಷ್ಣತೆಗೆ ಹೇಗೆ ಸ್ಪಂದಿಸುತ್ತವೆ ಎಂಬುದನ್ನು ಬೋಧಿಸುವಾಗ ಈ ಪ್ರಯೋಗವು ಉತ್ತಮ ಉದಾಹರಣೆಯಾಗುತ್ತದೆ.

ಆರಂಭಿಕ ಜೀವನ ಮತ್ತು ಶಿಕ್ಷಣ

ಪಾರ್ನೆಲ್ ಅವರು ಇಂಗ್ಲೆಂಡಿನ ನಾರ್ತಾಂಪ್ಟನ್‌ಶೈರ್ ಪ್ರಾಂತ್ಯದ ವೆಸ್ಟ್ ಹ್ಯಾಡನ್ ಗ್ರಾಮದಲ್ಲಿ 1881ರ ಜುಲೈ 5ರಂದು ಜನಿಸಿದರು. ಉನ್ನತ ಶಿಕ್ಷಣವನ್ನು ಕೇಂಬ್ರಿಜ್ ವಿಶ್ವವಿದ್ಯಾಲಯದ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ಪಡೆದು 1903ರಲ್ಲಿ ಬಿ.ಎ. ಪದವೀಧರರಾದರು. 1908ರಲ್ಲಿ ಅದೇ ವಿಶ್ವವಿದ್ಯಾಲಯದಿಂದ ಎಂ.ಎ. ಪದವಿಯೂ ದೊರೆಯಿತು. ಅವರು ವ್ಯಾಸಂಗ ಮಾಡುತ್ತಿದ್ದ ಕಾಲದಲ್ಲಿ ಕೇಂಬ್ರಿಜ್‌ನ ಕ್ಯಾವೆಂಡಿಷ್ ಪ್ರಯೋಗಾಲಯವು ಎಲೆಕ್ಟ್ರಾನನ್ನು ಕಂಡುಹಿಡಿದ ಜೆ. ಜೆ. ಥಾಮ್ಸನ್ ಅವರ ನೇತೃತ್ವದಲ್ಲಿತ್ತು. ಭೌತಶಾಸ್ತ್ರವು ವೇಗವಾಗಿ ಬದಲಾಗುತ್ತಿದ್ದ ಆ ದಿನಗಳಲ್ಲಿ ಬ್ರಿಟಿಷ್ ಸಾಮ್ರಾಜ್ಯದ ದೂರದ ವಸಾಹತುಗಳ ಹೊಸ ವಿಶ್ವವಿದ್ಯಾಲಯಗಳಿಗೆ ಇಂಗ್ಲೆಂಡಿನ ಯುವ ಪದವೀಧರರು ಅಧ್ಯಾಪಕರಾಗಿ ತೆರಳುವುದು ಸಾಮಾನ್ಯವಾಗಿತ್ತು. ಪಾರ್ನೆಲ್ ಅವರೂ ಅದೇ ದಾರಿ ಹಿಡಿದರು.

ಮೆಲ್ಬರ್ನ್‌ನಿಂದ ಬ್ರಿಸ್ಬೇನ್‌ಗೆ

1904ರಲ್ಲಿ ಪಾರ್ನೆಲ್ ಆಸ್ಟ್ರೇಲಿಯಕ್ಕೆ ತೆರಳಿ ಮೆಲ್ಬರ್ನ್ ವಿಶ್ವವಿದ್ಯಾಲಯದ ಟ್ರಿನಿಟಿ ಕಾಲೇಜಿನಲ್ಲಿ ಬೋಧನೆಗೆ ತೊಡಗಿದರು. ಭೌತಶಾಸ್ತ್ರವನ್ನು ಆಗ ಅಲ್ಲಿ ಪ್ರಕೃತಿ ತತ್ತ್ವಶಾಸ್ತ್ರ ಎಂಬ ಹಳೆಯ ಹೆಸರಿನಿಂದಲೇ ಕರೆಯುತ್ತಿದ್ದರು. 1909ರಲ್ಲಿ ಕಾಯಿದೆಯ ಮೂಲಕ ಸ್ಥಾಪಿತವಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯವು 1911ರಲ್ಲಿ ಬೋಧನೆಯನ್ನು ಪ್ರಾರಂಭಿಸಿದಾಗ ಪಾರ್ನೆಲ್ ಅಲ್ಲಿಗೆ ಉಪನ್ಯಾಸಕರಾಗಿ ಸೇರಿದರು. ಬ್ರಿಸ್ಬೇನ್‌ನ ಜಾರ್ಜ್ ಸ್ಟ್ರೀಟ್‌ನಲ್ಲಿದ್ದ ಹಳೆಯ ರಾಜ್ಯಪಾಲರ ನಿವಾಸವೇ ಆ ವಿಶ್ವವಿದ್ಯಾಲಯದ ಮೊದಲ ಕಟ್ಟಡವಾಗಿತ್ತು. ಕಲೆ, ವಿಜ್ಞಾನ ಮತ್ತು ಎಂಜಿನಿಯರಿಂಗ್ ಎಂಬ ಮೂರು ನಿಕಾಯಗಳು ಮತ್ತು ನಾಲ್ವರು ಪ್ರಾಧ್ಯಾಪಕರೊಂದಿಗೆ ಅದು ಕೆಲಸ ಆರಂಭಿಸಿತು. ಗಣಿತ ಮತ್ತು ಭೌತಶಾಸ್ತ್ರಗಳೆರಡಕ್ಕೂ ಸೇರಿ ಹೆನ್ರಿ ಜೇಮ್ಸ್ ಪ್ರೀಸ್ಟ್‌ಲಿ ಒಬ್ಬರೇ ಪ್ರಾಧ್ಯಾಪಕರಾಗಿದ್ದರು.

ಮೊದಲ ಮಹಾಯುದ್ಧದಲ್ಲಿ ಪಾರ್ನೆಲ್ ಆಸ್ಟ್ರೇಲಿಯದ ಸೇನೆಯಲ್ಲಿ ಸೇವೆ ಸಲ್ಲಿಸಿದರು. ಯುದ್ಧ ಮುಗಿದ ಮೇಲೆ, 1919ರಲ್ಲಿ, ಭೌತಶಾಸ್ತ್ರಕ್ಕೆ ಪ್ರತ್ಯೇಕ ಪೀಠವನ್ನು ರಚಿಸಿ ಅವರನ್ನು ಅದರ ಮೊದಲ ಪ್ರಾಧ್ಯಾಪಕರನ್ನಾಗಿ ನೇಮಿಸಲಾಯಿತು. ಹೀಗೆ ವಿಭಾಗವೊಂದನ್ನು ಮೊದಲಿನಿಂದ ಕಟ್ಟುವ ಹೊಣೆ ಅವರ ಮೇಲೆ ಬಿದ್ದಿತು. ಅದೇ ವಿಶ್ವವಿದ್ಯಾಲಯದಲ್ಲಿ ಆಧುನಿಕ ಭಾಷೆಗಳನ್ನು ಬೋಧಿಸುತ್ತಿದ್ದ ಹರ್ಮೀನ್ ಉಲ್ರಿಖ್ ಅವರು ಪಾರ್ನೆಲ್ ಅವರ ಪತ್ನಿ.

ಪ್ರಯೋಗದ ಹಿನ್ನೆಲೆ

ಪಿಚ್ ಎಂಬುದು ಒಂದೇ ನಿರ್ದಿಷ್ಟ ರಾಸಾಯನಿಕದ ಹೆಸರಲ್ಲ. ಕಲ್ಲಿದ್ದಲಿನ ಡಾಂಬರು, ಕಚ್ಚಾ ತೈಲ ಅಥವಾ ಮರದ ರಾಳವನ್ನು ಬಟ್ಟಿ ಇಳಿಸಿದಾಗ ಕೊನೆಯಲ್ಲಿ ಉಳಿಯುವ ಕಪ್ಪನೆಯ ಗಟ್ಟಿ ಶೇಷಕ್ಕೆ ಈ ಹೆಸರಿದೆ. ದೋಣಿಗಳ ಹಲಗೆಗಳ ಸಂದುಗಳಲ್ಲಿ ನೀರು ಒಸರದಂತೆ ತುಂಬಲು ಇದನ್ನು ಶತಮಾನಗಳ ಕಾಲ ಬಳಸಲಾಗಿದೆ. ರಸ್ತೆಗೆ ಬಳಸುವ ಬಿಟುಮೆನ್ ಕಚ್ಚಾ ತೈಲದಿಂದ ದೊರೆಯುವಂಥದು. ಕಲ್ಲಿದ್ದಲಿನಿಂದ ಬರುವ ಟಾರ್ ಮತ್ತು ಪಿಚ್ ರಾಸಾಯನಿಕವಾಗಿ ಅದಕ್ಕಿಂತ ಭಿನ್ನ. ಆದರೂ ಕನ್ನಡದಲ್ಲಿ ಇವೆಲ್ಲವನ್ನೂ ರೂಢಿಯಲ್ಲಿ ಡಾಂಬರು ಎಂದೇ ಕರೆಯುತ್ತಾರೆ. ಬಿಸಿಯಾದಾಗ ತೆಳುವಾಗಿ ಹರಿಯುವುದು, ತಣಿದಾಗ ಗಟ್ಟಿಯಾಗಿ ಹಿಡಿದುಕೊಳ್ಳುವುದು ಈ ಎಲ್ಲ ವಸ್ತುಗಳಿಗೂ ಸಮಾನವಾದ ಗುಣ.

ಪಿಚ್ ನಿಧಾನವಾಗಿ ಹರಿಯುತ್ತದೆ ಎಂಬುದು ಪಾರ್ನೆಲ್ ಅವರ ಸ್ವಂತ ಶೋಧವಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಲಾರ್ಡ್ ಕೆಲ್ವಿನ್ ಅವರು ಹತ್ತೊಂಬತ್ತನೆಯ ಶತಮಾನದಲ್ಲೇ ಇಳಿಜಾರಿನ ಮೇಲೆ ಹಿಮನದಿಯಂತೆ ಜಾರುವ ಪಿಚ್‌ನ ಮಾದರಿಯನ್ನು ತೋರಿಸಿದ್ದರು. ಪಿಚ್‌ನ ಮೇಲಿಟ್ಟ ಸೀಸದ ಗುಂಡುಗಳು ಕಾಲಕ್ರಮೇಣ ಮುಳುಗುವುದನ್ನೂ ಕೆಳಗಿಟ್ಟ ಬೆಂಡಿನ ಬಿರಡೆಗಳು ಮೇಲಕ್ಕೆ ಬರುವುದನ್ನೂ ಅವರು ಪ್ರದರ್ಶಿಸಿದ್ದರು. 1906ರಲ್ಲಿ ಫ್ರೆಡರಿಕ್ ಟ್ರೌಟನ್ ಪಿಚ್‌ನಂತಹ ವಸ್ತುಗಳನ್ನು ಎಳೆದಾಗ ಅವು ತೋರುವ ಪ್ರತಿರೋಧವನ್ನು ಅಳೆದು ವರದಿ ಮಾಡಿದರು. 1902ರಲ್ಲಿ ಎಡಿನ್‌ಬರೋದಲ್ಲಿ ಮತ್ತು 1914ರಲ್ಲಿ ವೇಲ್ಸ್‌ನ ಅಬೆರಿಸ್ಟ್‌ವಿತ್‌ನಲ್ಲಿ ಇಂಥದೇ ಪ್ರಯೋಗಗಳು ಆರಂಭವಾಗಿದ್ದವು. ಪಾರ್ನೆಲ್ ಅವರ ಪ್ರಯೋಗವು ಇವುಗಳಿಗಿಂತ ತಡವಾಗಿ ಶುರುವಾದರೂ, ಪ್ರತಿಯೊಂದು ಹನಿಯ ದಿನಾಂಕವೂ ದಾಖಲಾಗಿ ಉಳಿದುದರಿಂದ ಅದಕ್ಕೆ ವಿಶೇಷ ಮಹತ್ವ ಬಂದಿತು.

ಪಾರ್ನೆಲ್ ಪ್ರಯೋಗ ಆರಂಭಿಸಿದ ಕಾಲವೂ ಗಮನಾರ್ಹವಾಗಿದೆ. ವಸ್ತುಗಳ ಹರಿವು ಮತ್ತು ವಿರೂಪಗಳನ್ನು ಅಧ್ಯಯನ ಮಾಡುವ ಪ್ರತ್ಯೇಕ ಶಾಸ್ತ್ರಕ್ಕೆ ಆಗಷ್ಟೇ ರಿಯಾಲಜಿ ಎಂಬ ಹೆಸರು ಬರುತ್ತಿತ್ತು. ಅಮೆರಿಕದ ಯೂಜೀನ್ ಬಿಂಗ್‌ಹ್ಯಾಮ್ ಮೊದಲಾದವರ ಪ್ರಯತ್ನದಿಂದ 1929ರಲ್ಲಿ ಈ ಶಾಸ್ತ್ರದ ಮೊದಲ ಸಂಘ ರೂಪುಗೊಂಡಿತು. ಇಂದು ಬಿಟುಮೆನ್ ಪರೀಕ್ಷೆಯ ಉನ್ನತ ವಿಧಾನಗಳೆಲ್ಲವೂ ಈ ಶಾಸ್ತ್ರದ ತಳಹದಿಯ ಮೇಲೆ ನಿಂತಿವೆ.

ಪಿಚ್ ಹನಿ ಪ್ರಯೋಗ

1927ರಲ್ಲಿ ಪಾರ್ನೆಲ್ ಪಿಚ್‌ನ ಮಾದರಿಯೊಂದನ್ನು ಕಾಯಿಸಿ, ಕೆಳತುದಿಯನ್ನು ಮುಚ್ಚಿದ್ದ ಗಾಜಿನ ಆಲಿಕೆಯೊಳಗೆ ಸುರಿದರು. ಕಾಯಿಸಿದ ಪಿಚ್ ಸುಲಭವಾಗಿ ಹರಿದು ಆಲಿಕೆಯ ಆಕಾರವನ್ನು ಪಡೆಯಿತು. ತಣಿದ ಮೇಲೆ ಅದು ಕಲ್ಲಿನಂತೆ ಗಟ್ಟಿಯಾಗಿ ಕಂಡಿತು. ಒಳಗಿನ ಒತ್ತಡಗಳು ತಗ್ಗಿ ಪಿಚ್ ಪೂರ್ಣವಾಗಿ ನೆಲೆಗೊಳ್ಳಲಿ ಎಂದು ಮೂರು ವರ್ಷ ಹಾಗೆಯೇ ಬಿಡಲಾಯಿತು. 1930ರ ಅಕ್ಟೋಬರ್‌ನಲ್ಲಿ ಆಲಿಕೆಯ ಕೊಳವೆಯ ತುದಿಯನ್ನು ಕತ್ತರಿಸಿ ತೆರೆಯಲಾಯಿತು. ಅಂದಿನಿಂದ ಪಿಚ್ ತನ್ನ ತೂಕದ ಬಲದಿಂದಲೇ ಕೆಳಗಿಳಿಯಲು ಆರಂಭಿಸಿತು. ಆಲಿಕೆಯನ್ನು ನಿಲುವಿನ ಮೇಲಿರಿಸಿ, ಬೀಳುವ ಹನಿಗಳನ್ನು ಹಿಡಿಯಲು ಕೆಳಗೆ ಬೀಕರ್ ಇಟ್ಟು, ಇಡೀ ಸಾಧನವನ್ನು ಗಾಜಿನ ಗಂಟೆಯಾಕಾರದ ಮುಚ್ಚಳದಿಂದ ಮುಚ್ಚಲಾಗಿದೆ.

ಈ ಸಾಧನದಲ್ಲಿ ವಿದ್ಯುತ್ತಾಗಲಿ ಚಲಿಸುವ ಯಂತ್ರವಾಗಲಿ ಇಲ್ಲ. ಉಷ್ಣತೆಯನ್ನು ಸ್ಥಿರವಾಗಿಡುವ ವ್ಯವಸ್ಥೆಯೂ ಇರಲಿಲ್ಲ. ಅಳತೆಗಾಗಿ ಅಲ್ಲ, ಪ್ರದರ್ಶನಕ್ಕಾಗಿ ರೂಪಿಸಿದ ಪ್ರಯೋಗ ಇದಾಗಿದ್ದುದೇ ಅದಕ್ಕೆ ಕಾರಣ. ಕಣ್ಣಿಗೆ ಘನವಾಗಿ ಕಾಣುವ ವಸ್ತು ನಿಜಕ್ಕೂ ಘನವೇ ಎಂಬ ಪ್ರಶ್ನೆಯನ್ನು ವಿದ್ಯಾರ್ಥಿಗಳ ಮುಂದಿಡುವುದು ಪಾರ್ನೆಲ್ ಅವರ ಉದ್ದೇಶವಾಗಿತ್ತು.

ಮೊದಲ ಹನಿ ಬೀಳಲು ಎಂಟು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಅದು 1938ರ ಡಿಸೆಂಬರ್‌ನಲ್ಲಿ ಬಿದ್ದಿತು. ಎರಡನೆಯದು 1947ರ ಫೆಬ್ರವರಿಯಲ್ಲಿ ಬಿದ್ದಿತು. ಪಾರ್ನೆಲ್ ಅವರ ಜೀವಿತಾವಧಿಯಲ್ಲಿ ಬಿದ್ದ ಹನಿಗಳು ಇವೆರಡೇ. ಹನಿಯೊಂದು ಹಲವು ವರ್ಷ ನಿಧಾನವಾಗಿ ಉಬ್ಬುತ್ತ ಬಂದು, ಕೊನೆಗೆ ಅದರ ಕುತ್ತಿಗೆ ನೂಲಿನಂತೆ ತೆಳುವಾಗಿ ಕಡಿದುಹೋಗುವುದು ಕ್ಷಣಮಾತ್ರದ ಘಟನೆ. ಆ ಕ್ಷಣವನ್ನು ಪಾರ್ನೆಲ್ ಸೇರಿದಂತೆ ಯಾರೂ ಕಣ್ಣಾರೆ ಕಾಣಲಿಲ್ಲ.

ನಿಧನ

ಥಾಮಸ್ ಪಾರ್ನೆಲ್ 1948ರ ಸೆಪ್ಟೆಂಬರ್ 1ರಂದು ಬ್ರಿಸ್ಬೇನ್‌ನಲ್ಲಿ ನಿಧನರಾದರು. ಆಗ ಅವರಿಗೆ 67 ವರ್ಷ ವಯಸ್ಸಾಗಿತ್ತು. ವಿಶ್ವವಿದ್ಯಾಲಯವು ನಗರದ ಮಧ್ಯಭಾಗದಿಂದ ಸೇಂಟ್ ಲೂಸಿಯಾದ ಹೊಸ ಆವರಣಕ್ಕೆ ಸ್ಥಳಾಂತರವಾಗುತ್ತಿದ್ದ ಕಾಲವದು. ಅಲ್ಲಿ ಮುಂದೆ ನಿರ್ಮಾಣವಾದ ಭೌತಶಾಸ್ತ್ರ ಕಟ್ಟಡಕ್ಕೆ ಪಾರ್ನೆಲ್ ಅವರ ಹೆಸರನ್ನಿಡಲಾಯಿತು.

ನಿಧನಾನಂತರ ಪ್ರಯೋಗದ ಮುಂದುವರಿಕೆ

ಪಾರ್ನೆಲ್ ಅವರ ಬಳಿಕ ಪ್ರಯೋಗವು ಬಹುಕಾಲ ಕಪಾಟಿನೊಳಗೆ ಉಳಿಯಿತು. ಹೊರಗಿನವರಿಗೆ ಅದರ ಅರಿವಿರಲಿಲ್ಲ. 1961ರಲ್ಲಿ ವಿಭಾಗಕ್ಕೆ ಸೇರಿದ ಜಾನ್ ಮೇನ್‌ಸ್ಟೋನ್ ಅದರ ಪಾಲಕರಾದರು. ಅವರ ಒತ್ತಾಯದಿಂದಾಗಿ 1970ರ ದಶಕದಲ್ಲಿ ಪ್ರಯೋಗವನ್ನು ಸಾರ್ವಜನಿಕರು ನೋಡುವಂತೆ ಪ್ರದರ್ಶನಕ್ಕಿಡಲಾಯಿತು. 2013ರ ಆಗಸ್ಟ್‌ನಲ್ಲಿ ನಿಧನರಾಗುವವರೆಗೆ, ಅಂದರೆ ಅರ್ಧ ಶತಮಾನಕ್ಕೂ ಮಿಗಿಲಾಗಿ, ಮೇನ್‌ಸ್ಟೋನ್ ಅದನ್ನು ನೋಡಿಕೊಂಡರು. ಬಳಿಕ ಆಂಡ್ರ್ಯೂ ವೈಟ್ ಆ ಹೊಣೆಯನ್ನು ವಹಿಸಿಕೊಂಡರು.

ಇದುವರೆಗೆ ದಾಖಲಾಗಿರುವ ಹನಿಗಳು ಮತ್ತು ಹಿಂದಿನ ಘಟನೆಯಿಂದ ಪ್ರತಿಯೊಂದಕ್ಕೂ ಹಿಡಿದ ಕಾಲ ಹೀಗಿವೆ:

• ಒಂದನೆಯ ಹನಿ: ಡಿಸೆಂಬರ್ 1938 – 8.1 ವರ್ಷ
• ಎರಡನೆಯ ಹನಿ: ಫೆಬ್ರವರಿ 1947 – 8.2 ವರ್ಷ
• ಮೂರನೆಯ ಹನಿ: ಏಪ್ರಿಲ್ 1954 – 7.2 ವರ್ಷ
• ನಾಲ್ಕನೆಯ ಹನಿ: ಮೇ 1962 – 8.1 ವರ್ಷ
• ಐದನೆಯ ಹನಿ: ಆಗಸ್ಟ್ 1970 – 8.3 ವರ್ಷ
• ಆರನೆಯ ಹನಿ: ಏಪ್ರಿಲ್ 1979 – 8.7 ವರ್ಷ
• ಏಳನೆಯ ಹನಿ: ಜುಲೈ 1988 – 9.2 ವರ್ಷ
• ಎಂಟನೆಯ ಹನಿ: ನವೆಂಬರ್ 2000 – 12.3 ವರ್ಷ
• ಒಂಬತ್ತನೆಯ ಹನಿ: ಏಪ್ರಿಲ್ 2014 – 13.4 ವರ್ಷ

1988ರಲ್ಲಿ ಬ್ರಿಸ್ಬೇನ್‌ನಲ್ಲಿ ನಡೆದ ಜಾಗತಿಕ ವಸ್ತುಪ್ರದರ್ಶನದಲ್ಲಿ ಪ್ರಯೋಗವನ್ನು ಇಡಲಾಗಿತ್ತು. ಮೇನ್‌ಸ್ಟೋನ್ ಕೆಲವೇ ನಿಮಿಷ ಪಾನೀಯಕ್ಕಾಗಿ ಹೊರಗೆ ಹೋಗಿದ್ದಾಗ ಏಳನೆಯ ಹನಿ ಬಿದ್ದಿತು. 2000ದ ನವೆಂಬರ್ 28ರಂದು ಎಂಟನೆಯ ಹನಿ ಬೀಳುವಾಗ ಕ್ಯಾಮೆರಾ ಕಾವಲಿತ್ತು. ಆದರೆ ತಾಂತ್ರಿಕ ದೋಷದಿಂದ ದೃಶ್ಯ ದಾಖಲಾಗಲಿಲ್ಲ. ಒಂಬತ್ತನೆಯ ಹನಿ 2014ರ ಏಪ್ರಿಲ್ 17ರಂದು ಕೆಳಗೆ ಬಿದ್ದಿದ್ದ ಎಂಟನೆಯ ಹನಿಯನ್ನು ಮುಟ್ಟಿತು. ಒಂದು ವಾರದ ನಂತರ ಬೀಕರ್ ಬದಲಾಯಿಸಲು ಹೋದಾಗ ಸಾಧನ ಅಲುಗಿ, ಅದು ಆಲಿಕೆಯಿಂದ ಕಳಚಿಕೊಂಡಿತು. ಇದಕ್ಕೂ ಮೊದಲೇ, 2013ರ ಜುಲೈ 11ರಂದು, ಐರ್ಲೆಂಡಿನ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿ 1944ರಿಂದ ನಡೆಯುತ್ತಿದ್ದ ಇದೇ ಬಗೆಯ ಪ್ರಯೋಗದಲ್ಲಿ ಹನಿ ಬೀಳುವ ದೃಶ್ಯ ಮೊದಲ ಬಾರಿಗೆ ಕ್ಯಾಮೆರಾದಲ್ಲಿ ಸೆರೆಯಾಗಿತ್ತು.

ಸ್ನಿಗ್ಧತೆಯ ಲೆಕ್ಕ

ದ್ರವವೊಂದು ಹರಿಯಲು ಒಡ್ಡುವ ಆಂತರಿಕ ಪ್ರತಿರೋಧಕ್ಕೆ ಸ್ನಿಗ್ಧತೆ ಎಂದು ಹೆಸರು. ಜೇನುತುಪ್ಪದ ಸ್ನಿಗ್ಧತೆ ನೀರಿನದಕ್ಕಿಂತ ಹೆಚ್ಚು. ಆದುದರಿಂದ ಅದು ನಿಧಾನವಾಗಿ ಸುರಿಯುತ್ತದೆ. ಕೊಳವೆಯೊಂದರಲ್ಲಿ ಹರಿಯುವ ದ್ರವದ ಪ್ರಮಾಣವು ಮೇಲಿನ ಒತ್ತಡಕ್ಕೂ ಕೊಳವೆಯ ತ್ರಿಜ್ಯದ ನಾಲ್ಕನೆಯ ಘಾತಕ್ಕೂ ಅನುಲೋಮವಾಗಿಯೂ, ಕೊಳವೆಯ ಉದ್ದಕ್ಕೂ ಸ್ನಿಗ್ಧತೆಗೂ ವಿಲೋಮವಾಗಿಯೂ ಇರುತ್ತದೆ. ಆಲಿಕೆಯ ಅಳತೆಗಳು ಮತ್ತು ಹನಿಗಳು ಬಿದ್ದ ದಿನಾಂಕಗಳು ಗೊತ್ತಿದ್ದರೆ ಪಿಚ್‌ನ ಸ್ನಿಗ್ಧತೆಯನ್ನು ಲೆಕ್ಕ ಹಾಕಬಹುದು.

1984ರಲ್ಲಿ ಎಜ್‌ವರ್ತ್ ಮತ್ತು ಡಾಲ್ಟನ್ ಅವರು ಪಾರ್ನೆಲ್ ಅವರ ಹೆಸರನ್ನೂ ಸಹಲೇಖಕರಾಗಿ ಸೇರಿಸಿ ಯುರೋಪಿಯನ್ ಜರ್ನಲ್ ಆಫ್ ಫಿಸಿಕ್ಸ್ ಪತ್ರಿಕೆಯಲ್ಲಿ ಈ ಲೆಕ್ಕವನ್ನು ಪ್ರಕಟಿಸಿದರು. ಪಾರ್ನೆಲ್ ನಿಧನರಾಗಿ ಆಗ 36 ವರ್ಷಗಳಾಗಿದ್ದವು. ಆ ಲೆಕ್ಕದಂತೆ ಪಿಚ್‌ನ ಸ್ನಿಗ್ಧತೆ ಸುಮಾರು 23 ಕೋಟಿ ಪಾಸ್ಕಲ್-ಸೆಕೆಂಡ್. ಇದು ನೀರಿನ ಸ್ನಿಗ್ಧತೆಯ ಸುಮಾರು 23,000 ಕೋಟಿ ಪಟ್ಟು.

ಉಷ್ಣತೆಯ ಪಾತ್ರ

ಹನಿಗಳ ಪಟ್ಟಿಯನ್ನು ಗಮನಿಸಿದರೆ ಮೊದಲ ಏಳು ಹನಿಗಳಿಗೆ 7ರಿಂದ 9 ವರ್ಷಗಳಷ್ಟು ಕಾಲ ಹಿಡಿದಿರುವುದು ಕಾಣುತ್ತದೆ. ಎಂಟನೆಯ ಮತ್ತು ಒಂಬತ್ತನೆಯ ಹನಿಗಳಿಗೆ ಮಾತ್ರ 12 ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು. ಏಳನೆಯ ಹನಿ ಬಿದ್ದ ಬಳಿಕ ಪ್ರಯೋಗವಿದ್ದ ಸ್ಥಳಕ್ಕೆ ಹವಾನಿಯಂತ್ರಣವನ್ನು ಅಳವಡಿಸಲಾಯಿತು. ಇದರಿಂದ ಬ್ರಿಸ್ಬೇನ್‌ನ ಬೇಸಿಗೆಯ ಬಿಸಿ ಪಿಚ್‌ಗೆ ತಾಗುವುದು ನಿಂತಿತು. ಸರಾಸರಿ ಉಷ್ಣತೆ ತಗ್ಗಿದಂತೆ ಪಿಚ್‌ನ ಸ್ನಿಗ್ಧತೆ ಏರಿತು, ಹರಿವು ನಿಧಾನವಾಯಿತು. ಆಲಿಕೆಯಲ್ಲಿ ಪಿಚ್‌ನ ಮಟ್ಟ ಇಳಿಯುತ್ತ ಬಂದಂತೆ ಮೇಲಿನ ಒತ್ತಡವೂ ಸ್ವಲ್ಪ ಕಡಿಮೆಯಾಗುತ್ತದೆ. ಆದರೆ ಹಠಾತ್ತಾದ ಈ ಬದಲಾವಣೆಗೆ ಮುಖ್ಯ ಕಾರಣವಾಗಿ ಉಷ್ಣತೆಯನ್ನೇ ಗುರುತಿಸಲಾಗಿದೆ.

ಯಾರೂ ಯೋಜಿಸದೆ ನಡೆದ ಈ ಬದಲಾವಣೆಯು ಪ್ರಯೋಗಕ್ಕೆ ಎರಡನೆಯ ಪಾಠವೊಂದನ್ನು ಸೇರಿಸಿತು. ಡಾಂಬರಿನ ಜಾತಿಯ ವಸ್ತುವಿನ ಬಗ್ಗೆ ಮಾತನಾಡುವಾಗ ಅದರ ಸ್ನಿಗ್ಧತೆ ಎಷ್ಟು ಎಂದಷ್ಟೇ ಕೇಳಿದರೆ ಪ್ರಶ್ನೆ ಅಪೂರ್ಣ. ಯಾವ ಉಷ್ಣತೆಯಲ್ಲಿ, ಎಷ್ಟು ಹೊತ್ತಿನ ಭಾರದ ಅಡಿಯಲ್ಲಿ ಎಂಬುದನ್ನೂ ಹೇಳಬೇಕು. ಸುತ್ತಿಗೆಯ ಏಟು ಕ್ಷಣದ ಭಾರ. ಅದಕ್ಕೆ ಪಿಚ್ ಘನವಾಗಿ ಸ್ಪಂದಿಸಿ ಒಡೆಯುತ್ತದೆ. ತನ್ನದೇ ತೂಕವು ವರ್ಷಗಳ ಭಾರ. ಅದಕ್ಕೆ ಪಿಚ್ ದ್ರವವಾಗಿ ಸ್ಪಂದಿಸಿ ಹರಿಯುತ್ತದೆ. ಉಷ್ಣತೆಯನ್ನು ಏರಿಸುವುದು ಮತ್ತು ಭಾರದ ಅವಧಿಯನ್ನು ಹೆಚ್ಚಿಸುವುದು ಇಂಥ ವಸ್ತುಗಳ ಮೇಲೆ ಒಂದೇ ಬಗೆಯ ಪರಿಣಾಮವನ್ನು ಬೀರುತ್ತವೆ. ಆದುದರಿಂದಲೇ ಪ್ರಯೋಗಾಲಯದಲ್ಲಿ ಹೆಚ್ಚಿನ ಉಷ್ಣತೆಯಲ್ಲಿ ಅಲ್ಪಕಾಲ ನಡೆಸಿದ ಪರೀಕ್ಷೆಗಳಿಂದ, ಕಡಿಮೆ ಉಷ್ಣತೆಯಲ್ಲಿ ದೀರ್ಘಕಾಲದ ವರ್ತನೆಯನ್ನು ಅಂದಾಜು ಮಾಡಲು ಸಾಧ್ಯವಾಗುತ್ತದೆ.

ರಸ್ತೆ ಬಂಧಕಗಳ ಪರೀಕ್ಷೆಯೊಂದಿಗೆ ಸಂಬಂಧ

ರಸ್ತೆಯ ಮೇಲ್ಪದರದಲ್ಲಿ ಜಲ್ಲಿಕಲ್ಲುಗಳನ್ನು ಒಂದಕ್ಕೊಂದು ಹಿಡಿದಿಡುವ ಬಂಧಕವೇ ಬಿಟುಮೆನ್. ಅದು ಬೇಸಿಗೆಯಲ್ಲಿ ಅತಿಯಾಗಿ ಮೆದುವಾದರೆ ಚಕ್ರಗಳ ಜಾಡಿನಲ್ಲಿ ತಗ್ಗುಗಳು ಮೂಡುತ್ತವೆ. ಚಳಿಯಲ್ಲಿ ಅತಿಯಾಗಿ ಗಟ್ಟಿಯಾದರೆ ಬಿರುಕು ಬಿಡುತ್ತದೆ. ಮಿಶ್ರಣದ ಘಟಕದಲ್ಲಿ ಮಾತ್ರ ಅದು ಜಲ್ಲಿಯನ್ನು ಸಲೀಸಾಗಿ ಲೇಪಿಸುವಷ್ಟು ತೆಳುವಾಗಬೇಕು. ಒಂದೇ ವಸ್ತುವಿನಿಂದ ಈ ಮೂರನ್ನೂ ನಿರೀಕ್ಷಿಸುವುದರಿಂದ, ಉಷ್ಣತೆಗೆ ಅದು ಹೇಗೆ ಸ್ಪಂದಿಸುತ್ತದೆ ಎಂಬ ಅಧ್ಯಯನವು ರಸ್ತೆ ಎಂಜಿನಿಯರಿಂಗ್‌ನಲ್ಲಿ ಕೇಂದ್ರ ಸ್ಥಾನ ಪಡೆದಿದೆ.

ಪಾರ್ನೆಲ್ ಎಂಟು ವರ್ಷ ಕಾದು ಕಂಡದ್ದನ್ನು ಪ್ರಯೋಗಾಲಯಗಳು ಕೆಲವೇ ನಿಮಿಷಗಳಲ್ಲಿ ಅಳೆಯುತ್ತವೆ. ಮುಖ್ಯ ಪರೀಕ್ಷೆಗಳು ಇವು:

• ಸೂಜಿ ಇಳಿಕೆಯ ಪರೀಕ್ಷೆ: 25 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಬಿಟುಮೆನ್ ಮೇಲೆ 100 ಗ್ರಾಂ ಭಾರದ ಪ್ರಮಾಣಿತ ಸೂಜಿಯನ್ನು 5 ಸೆಕೆಂಡು ಬಿಟ್ಟು, ಅದು ಎಷ್ಟು ಆಳಕ್ಕೆ ಇಳಿಯಿತು ಎಂಬುದನ್ನು ಮಿಲಿಮೀಟರಿನ ಹತ್ತನೆಯ ಭಾಗಗಳಲ್ಲಿ ಓದಲಾಗುತ್ತದೆ. ಈ ಪರೀಕ್ಷೆಯ ಮೂಲರೂಪ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದಲ್ಲಿ ಸಿದ್ಧವಾಯಿತು.
• ಮೆದುವಾಗುವ ಬಿಂದುವಿನ ಪರೀಕ್ಷೆ: ಹಿತ್ತಾಳೆಯ ಉಂಗುರದಲ್ಲಿ ತುಂಬಿದ ಬಿಟುಮೆನ್ ಮೇಲೆ 3.5 ಗ್ರಾಂ ತೂಕದ ಉಕ್ಕಿನ ಗುಂಡನ್ನಿಟ್ಟು, ನಿಮಿಷಕ್ಕೆ 5 ಡಿಗ್ರಿಯಂತೆ ನೀರನ್ನು ಕಾಯಿಸಲಾಗುತ್ತದೆ. ಗುಂಡು ಸುಮಾರು 25 ಮಿಲಿಮೀಟರ್ ಕೆಳಗಿನ ಫಲಕವನ್ನು ಮುಟ್ಟುವ ಉಷ್ಣತೆಯೇ ಮೆದುವಾಗುವ ಬಿಂದು.
• ಸ್ನಿಗ್ಧತೆಯ ಪರೀಕ್ಷೆ: 60 ಮತ್ತು 135 ಡಿಗ್ರಿಗಳಲ್ಲಿ ಬಿಟುಮೆನ್ ಸೂಕ್ಷ್ಮ ಕೊಳವೆಯಲ್ಲಿ ಹರಿಯಲು ತೆಗೆದುಕೊಳ್ಳುವ ಕಾಲವನ್ನು ಅಳೆಯಲಾಗುತ್ತದೆ. ತತ್ತ್ವದಲ್ಲಿ ಇದು ಪಾರ್ನೆಲ್ ಅವರ ಆಲಿಕೆಗೆ ಅತಿ ಹತ್ತಿರವಾದ ಪರೀಕ್ಷೆ.

ಭಾರತದಲ್ಲಿ ಬಿಟುಮೆನ್ ಅನ್ನು ಮೊದಲು ಸೂಜಿ ಇಳಿಕೆಯ ಆಧಾರದ ಮೇಲೆ 60/70, 80/100 ಮುಂತಾದ ದರ್ಜೆಗಳಾಗಿ ವಿಂಗಡಿಸುತ್ತಿದ್ದರು. ಭಾರತೀಯ ಮಾನಕ ಐಎಸ್ 73ರ 2006ರ ಪರಿಷ್ಕರಣೆಯಲ್ಲಿ ಈ ಪದ್ಧತಿಯನ್ನು ಬಿಟ್ಟು ಸ್ನಿಗ್ಧತೆಯನ್ನೇ ಆಧಾರವಾಗಿಟ್ಟುಕೊಂಡು ವಿಜಿ-10, ವಿಜಿ-20, ವಿಜಿ-30 ಮತ್ತು ವಿಜಿ-40 ಎಂಬ ನಾಲ್ಕು ದರ್ಜೆಗಳನ್ನು ನಿಗದಿಪಡಿಸಲಾಯಿತು. 2013ರ ಪರಿಷ್ಕರಣೆಯಂತೆ ವಿಜಿ-30 ದರ್ಜೆಯ ಸ್ನಿಗ್ಧತೆ 60 ಡಿಗ್ರಿಯಲ್ಲಿ 2400ರಿಂದ 3600 ಪಾಯ್ಸ್, 135 ಡಿಗ್ರಿಯಲ್ಲಿ ಕನಿಷ್ಠ 350 ಸೆಂಟಿಸ್ಟೋಕ್ ಇರಬೇಕು. ಮೆದುವಾಗುವ ಬಿಂದು ಕನಿಷ್ಠ 47 ಡಿಗ್ರಿ ಇರಬೇಕು. ಕನಿಷ್ಠ ಮೌಲ್ಯಗಳನ್ನು ಒಂದೇ ಮಾನಕ್ಕೆ ತಂದು ಹೋಲಿಸಿದರೆ, 60ರಿಂದ 135 ಡಿಗ್ರಿಗೆ ಏರುವಷ್ಟರಲ್ಲಿ ಸ್ನಿಗ್ಧತೆ ಸುಮಾರು 700 ಪಟ್ಟು ಇಳಿಯುತ್ತದೆ. ಬ್ರಿಸ್ಬೇನ್‌ನ ಕೊಠಡಿಯಲ್ಲಿದ್ದ ಪಿಚ್‌ನ ಸ್ನಿಗ್ಧತೆಯಾದರೋ 60 ಡಿಗ್ರಿಯಲ್ಲಿರುವ ಈ ಬಿಟುಮೆನ್‌ನದಕ್ಕಿಂತ ಸುಮಾರು ಹತ್ತು ಲಕ್ಷ ಪಟ್ಟು ಹೆಚ್ಚು. ಎರಡೂ ಬೇರೆ ಬೇರೆ ವಸ್ತುಗಳಾದರೂ, ಈ ಹೋಲಿಕೆಯಿಂದ ಇಂಥ ವಸ್ತುಗಳ ಸ್ನಿಗ್ಧತೆ ಎಷ್ಟು ವಿಶಾಲವಾದ ವ್ಯಾಪ್ತಿಯಲ್ಲಿ ಹರಡಿದೆ ಎಂಬುದು ತಿಳಿಯುತ್ತದೆ.

ದಾವಣಗೆರೆ ಮತ್ತು ಹರಿಹರದ ಸಂದರ್ಭ

ಮಧ್ಯ ಕರ್ನಾಟಕದ ದಾವಣಗೆರೆ ನಗರ ಮತ್ತು ತುಂಗಭದ್ರಾ ನದಿಯ ದಡದ ಹರಿಹರ ಪಟ್ಟಣಗಳು ಬೆಂಗಳೂರು–ಪುಣೆ ಹೆದ್ದಾರಿಯ ಮೇಲಿವೆ. ಹಿಂದೆ ರಾಷ್ಟ್ರೀಯ ಹೆದ್ದಾರಿ 4 ಎಂದು ಕರೆಯಲಾಗುತ್ತಿದ್ದ ಈ ಮಾರ್ಗಕ್ಕೆ ಈಗ 48ರ ಸಂಖ್ಯೆ ಇದೆ. ಏಪ್ರಿಲ್–ಮೇ ತಿಂಗಳುಗಳ ಮಧ್ಯಾಹ್ನದಲ್ಲಿ ಇಲ್ಲಿ ಗಾಳಿಯ ಉಷ್ಣತೆ 36 ಡಿಗ್ರಿ ದಾಟುವುದು ಸಾಮಾನ್ಯ. ಬಿಸಿಲನ್ನು ಹೀರುವ ಕಪ್ಪು ರಸ್ತೆಯ ಮೇಲ್ಮೈ ಗಾಳಿಗಿಂತ ಬಹಳ ಹೆಚ್ಚು ಕಾಯುತ್ತದೆ. ಪರೀಕ್ಷೆಗೆ 60 ಡಿಗ್ರಿಯನ್ನು ಆಯ್ದುಕೊಂಡಿರುವುದು ಬೇಸಿಗೆಯಲ್ಲಿ ರಸ್ತೆ ಮುಟ್ಟುವ ಗರಿಷ್ಠ ಉಷ್ಣತೆಗೆ ಅದು ಸಮೀಪವಾಗಿರುವುದರಿಂದ.

ಭಾರ ತುಂಬಿದ ಲಾರಿಗಳು ವೇಗವಾಗಿ ಸಾಗುವಾಗ ರಸ್ತೆಯ ಮೇಲಿನ ಭಾರ ಕ್ಷಣಮಾತ್ರದ್ದು. ವೃತ್ತ, ಸಿಗ್ನಲ್ ಮತ್ತು ಏರುದಾರಿಗಳಲ್ಲಿ ಅವು ನಿಂತಾಗ ಅಥವಾ ತೆವಳಿದಾಗ ಭಾರದ ಅವಧಿ ಹೆಚ್ಚುತ್ತದೆ. ನಗರದೊಳಗಿನ ರಸ್ತೆಗಳಲ್ಲಿ ನಿಲುಗಡೆಯ ಜಾಗಗಳಲ್ಲೇ ಮೊದಲು ತಗ್ಗು ಬೀಳುವುದಕ್ಕೆ ಇದೂ ಒಂದು ಕಾರಣ. ಅಲ್ಲಿನ ಬಂಧಕವು ಬಿಸಿಲು ಮತ್ತು ನಿಂತ ಭಾರ ಎರಡನ್ನೂ ಒಟ್ಟಿಗೆ ತಾಳಬೇಕಾಗುತ್ತದೆ. ಪಾರ್ನೆಲ್ ಅವರ ಆಲಿಕೆಯಲ್ಲಿ ಪಿಚ್ ಇಳಿದದ್ದೂ ಇದೇ ನಿಯಮಕ್ಕೆ ಅನುಗುಣವಾಗಿ. ದಾವಣಗೆರೆ ಸೀಮೆಯ ಕಪ್ಪು ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ ರಸ್ತೆಯ ತಳಪಾಯಕ್ಕೂ ಪ್ರತ್ಯೇಕ ಸಮಸ್ಯೆಗಳಿವೆ. ಆದುದರಿಂದ ರಸ್ತೆಯ ಹಾನಿಯೊಂದಕ್ಕೆ ಬಂಧಕ ಕಾರಣವೋ ಮಣ್ಣು ಕಾರಣವೋ ಎಂದು ನಿರ್ಣಯಿಸಲು ಪ್ರಯೋಗಾಲಯದ ಪರೀಕ್ಷೆ ಅನಿವಾರ್ಯ.

ರಸ್ತೆ ಕಾಮಗಾರಿಯಲ್ಲೂ ಉಷ್ಣತೆಯ ಶಿಸ್ತು ಮುಖ್ಯ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ನಿರ್ದಿಷ್ಟತೆಗಳಂತೆ ವಿಜಿ-30 ಬಿಟುಮೆನ್ ಅನ್ನು ಮಿಶ್ರಣಕ್ಕೆ ಮೊದಲು 150ರಿಂದ 165 ಡಿಗ್ರಿಗೆ ಕಾಯಿಸಬೇಕು. ಹಾಸುವಾಗ ಮಿಶ್ರಣ ಕನಿಷ್ಠ 140 ಡಿಗ್ರಿ ಇರಬೇಕು, ರೋಲರ್‌ನಿಂದ ಅದುಮುವ ಕೆಲಸ 90 ಡಿಗ್ರಿಗೆ ಇಳಿಯುವ ಮೊದಲೇ ಮುಗಿಯಬೇಕು. ಇದಕ್ಕಿಂತ ಹೆಚ್ಚು ಕಾಯಿಸಿದರೆ ಬಿಟುಮೆನ್‌ನ ಹಗುರ ಅಂಶಗಳು ಹಾರಿಹೋಗಿ, ಉಳಿದದ್ದು ಗಾಳಿಯೊಂದಿಗೆ ವರ್ತಿಸಿ ಪೆಡಸಾಗುತ್ತದೆ. ಕಡಿಮೆ ಕಾಯಿಸಿದರೆ ಜಲ್ಲಿಗೆ ಸರಿಯಾಗಿ ಹಿಡಿಯದೆ ಮೊದಲ ಮಳೆಗೇ ಕಿತ್ತುಬರುತ್ತದೆ.

ದಾವಣಗೆರೆಯಲ್ಲಿ 1951ರಲ್ಲಿ ಸ್ಥಾಪಿತವಾದ ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜು ಮತ್ತು 1979ರಲ್ಲಿ ಆರಂಭವಾದ ಬಾಪೂಜಿ ಎಂಜಿನಿಯರಿಂಗ್ ಮತ್ತು ತಾಂತ್ರಿಕ ವಿದ್ಯಾಲಯಗಳಲ್ಲಿ ಸಿವಿಲ್ ಎಂಜಿನಿಯರಿಂಗ್ ಬೋಧನೆ ನಡೆಯುತ್ತದೆ. ಇವೆರಡೂ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ. ಸೂಜಿ ಇಳಿಕೆ, ಮೆದುವಾಗುವ ಬಿಂದು, ಸ್ನಿಗ್ಧತೆ, ಎಳೆತ ಹಾಗೂ ಹೊತ್ತಿಕೊಳ್ಳುವ ಬಿಂದುವಿನ ಪರೀಕ್ಷೆಗಳು ಈ ವಿಶ್ವವಿದ್ಯಾಲಯದ ಹೆದ್ದಾರಿ ಸಾಮಗ್ರಿಗಳ ಪ್ರಯೋಗಾಲಯದ ಪಠ್ಯಕ್ರಮಕ್ಕೆ ಸೇರಿವೆ.

ಮಿತಿಗಳು ಮತ್ತು ಮೌಲ್ಯಮಾಪನ

ಅಳತೆಯ ದೃಷ್ಟಿಯಿಂದ ಪಾರ್ನೆಲ್ ಅವರ ಪ್ರಯೋಗಕ್ಕೆ ಸ್ಪಷ್ಟ ಮಿತಿಗಳಿವೆ. ಉಷ್ಣತೆ ಋತುವಿನಿಂದ ಋತುವಿಗೆ ಬದಲಾಗುತ್ತಿದ್ದುದರಿಂದ ಅದರಿಂದ ಸಿಗುವ ಸ್ನಿಗ್ಧತೆಯು ಒಂದು ನಿರ್ದಿಷ್ಟ ಉಷ್ಣತೆಗೆ ಸೇರಿದ್ದಲ್ಲ, ದೀರ್ಘಾವಧಿಯ ಸರಾಸರಿ ಮಾತ್ರ. ಸಾಧನವನ್ನು ಸ್ಥಳದಿಂದ ಸ್ಥಳಕ್ಕೆ ಸಾಗಿಸಿದುದು, ನಡುವೆ ಹವಾನಿಯಂತ್ರಣ ಬಂದುದು ಇತ್ಯಾದಿ ಕಾರಣಗಳಿಂದ ಹನಿಗಳ ಅವಧಿಗಳನ್ನು ನೇರವಾಗಿ ಹೋಲಿಸುವುದೂ ಕಷ್ಟ. ಇಂದಿನ ಉಪಕರಣಗಳು ಇದೇ ಗುಣವನ್ನು ನಿಯಂತ್ರಿತ ಉಷ್ಣತೆಯಲ್ಲಿ ಹೆಚ್ಚು ನಿಖರವಾಗಿ ಅಳೆಯಬಲ್ಲವು.

ಆದರೂ ಪ್ರಯೋಗದ ಮೌಲ್ಯ ಕುಂದಿಲ್ಲ. ಉಪಕರಣಗಳು ಅಲ್ಪಕಾಲದ ಪರೀಕ್ಷೆಯಿಂದ ದೀರ್ಘಕಾಲದ ವರ್ತನೆಯನ್ನು ಊಹಿಸುತ್ತವೆ. ಪಾರ್ನೆಲ್ ಅವರ ಆಲಿಕೆಯು ಆ ದೀರ್ಘಕಾಲವನ್ನೇ ನೇರವಾಗಿ ದಾಖಲಿಸಿದೆ. ಮುಂದಿನ ತಲೆಮಾರುಗಳು ಕಾಯ್ದುಕೊಂಡು ಬಂದ ಕೆಲಸವಾಗಿಯೂ ಅದು ವಿಜ್ಞಾನದ ಇತಿಹಾಸದಲ್ಲಿ ಅಪರೂಪದ್ದು.

ಗೌರವಗಳು

• ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಸೇಂಟ್ ಲೂಸಿಯಾ ಆವರಣದಲ್ಲಿರುವ ಪಾರ್ನೆಲ್ ಕಟ್ಟಡಕ್ಕೆ ಅವರ ಹೆಸರಿದೆ. ಪಿಚ್ ಹನಿ ಪ್ರಯೋಗವನ್ನು ಅಲ್ಲಿಯೇ ಪ್ರದರ್ಶನಕ್ಕಿಡಲಾಗಿದೆ.
• 2005ರಲ್ಲಿ ಭೌತಶಾಸ್ತ್ರ ವಿಭಾಗದ ಇಗ್ ನೊಬೆಲ್ ಪ್ರಶಸ್ತಿಯನ್ನು ಜಾನ್ ಮೇನ್‌ಸ್ಟೋನ್ ಮತ್ತು ಮರಣೋತ್ತರವಾಗಿ ಥಾಮಸ್ ಪಾರ್ನೆಲ್ ಅವರಿಗೆ ನೀಡಲಾಯಿತು. ಮೊದಲು ನಗಿಸಿ ಬಳಿಕ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಈ ಪ್ರಶಸ್ತಿಯನ್ನು ಕೊಡಲಾಗುತ್ತದೆ.
• ಅತಿ ದೀರ್ಘಕಾಲ ನಡೆಯುತ್ತಿರುವ ಪ್ರಯೋಗಾಲಯದ ಪ್ರಯೋಗವೆಂದು ಗಿನ್ನೆಸ್ ದಾಖಲೆಯಲ್ಲಿ ಈ ಪ್ರಯೋಗ ಸೇರಿದೆ. ಆಲಿಕೆಯಲ್ಲಿ ಉಳಿದಿರುವ ಪಿಚ್ ಇನ್ನೂ ಕನಿಷ್ಠ ನೂರು ವರ್ಷಗಳಿಗೆ ಸಾಕಾಗುತ್ತದೆ ಎಂದು ಅಂದಾಜಿಸಲಾಗಿದೆ.